ಥಿನ್ನರ್ ಡ್ರಮ್‌ಗೆ 'ಇಂಡಸ್ಟ್ರಿಯಲ್ ಕೆಮಿಕಲ್' ಅಂತ ಬರೆದ್ರೆ ನಡೆಯುತ್ತಾ?

ಪ್ರಶ್ನೆ (ಪೀಣ್ಯ):
ನಮ್ದು ಸಣ್ಣ ಪೇಂಟ್ ಘಟಕ. ಮೊದಲ ಸಲ 40 ಡ್ರಮ್ ಥಿನ್ನರ್ ಹೊರದೇಶಕ್ಕೆ ಹೋಗ್ತಿದೆ, ಲಾರಿಯಲ್ಲಿ ಚೆನ್ನೈ ಬಂದರಿಗೆ. ಅಪಾಯಕಾರಿ ಸರಕು ಅಂತ ತೋರಿಸಿದ್ರೆ ಬಾಡಿಗೆ ಜಾಸ್ತಿ, ಹಡಗಲ್ಲಿ ಜಾಗಾನೂ ತಡ ಅಂತಾರೆ ಏಜೆಂಟ್. "ಇಂಡಸ್ಟ್ರಿಯಲ್ ಕೆಮಿಕಲ್ ಅಂತ ಬರೆಯೋಣ, ಯಾರೂ ಮುಚ್ಚಳ ತೆಗೆದು ಮೂಸಲ್ಲ" ಅಂದ್ರು. ಎಲ್ರೂ ಹೀಗೇನಾ ಮಾಡೋದು?

ಉತ್ತರ 1 (ವಿಜಯನಗರ):
ಮೂಸಿದವ ನಾನೇ ಇದ್ದೇನೆ ಮಾರಾಯ್ರೇ. ಕರಾವಳಿಯಲ್ಲಿ ಸರಕು ಸರ್ವೇಯರ್ ಆಗಿದ್ದೆ, ಈಗ ಮಗಳ ಮನೆಯಲ್ಲಿದ್ದೇನೆ. ಒಮ್ಮೆ ಒಂದು ಶೆಡ್ಡಿನಲ್ಲಿ ಕಂಟೇನರ್ ಬಾಗಿಲು ತೆಗೆದರೆ ಗಮ್ಮೆಂದು ಥಿನ್ನರ್ ವಾಸನೆ. ಕಾಗದದಲ್ಲಿ ಬರೆದದ್ದು 'ಅಂಟು'. ಪಕ್ಕದ ಸಾಲಿನಲ್ಲಿ ಬ್ಲೀಚಿಂಗ್ ಪೌಡರ್! ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದು 5.1ನೇ ವರ್ಗ, ಬೆಂಕಿಗೆ ಆಮ್ಲಜನಕ ಒದಗಿಸುವಂಥದ್ದು. ಥಿನ್ನರ್ 3ನೇ ವರ್ಗ, ಅಂದರೆ ಬೆಂಕಿ ಹಿಡಿಯುವ ದ್ರವ; ಅದನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ ಯುಎನ್ 1263. ಹಡಗಿನಲ್ಲಿ ಅಪಾಯಕಾರಿ ಸರಕು ಸಾಗಿಸುವ ಅಂತರರಾಷ್ಟ್ರೀಯ ನಿಯಮಾವಳಿಯಾದ ಐಎಂಡಿಜಿ ಕೋಡ್ ಪ್ರಕಾರ ಇವೆರಡನ್ನು ಬೇರೆ ಬೇರೆ ಇಡಬೇಕು. ಶೆಡ್ಡಿನ ಗುಮಾಸ್ತನದ್ದು ತಪ್ಪಿಲ್ಲ. ಕಾಗದ ನೋಡಿಯೇ ಅವ ಜಾಗ ಕೊಡುವುದು.

ಬಹಳ ಥಿನ್ನರ್‌ಗಳ ಆವಿ 23 ಡಿಗ್ರಿಗಿಂತ ಕೆಳಗೇ ಕಿಡಿ ಹಿಡಿಯುತ್ತದೆ. ಗಾಳಿಗಿಂತ ಭಾರ ಬೇರೆ, ನೆಲದಲ್ಲೇ ಹರಿದು ದೂರದ ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಚೆನ್ನೈ ಬಿಸಿಲಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಎಷ್ಟು ಕಾಯುತ್ತದೆ, ನೀವೇ ಯೋಚಿಸಿ.

ಬೆಂಕಿ ಬಿದ್ದಾಗ ಓಡಿ ಬರುವವನಿಗೂ ಅದೇ ಕಾಗದ ಗತಿ. 2025ರ ಮೇ ತಿಂಗಳಲ್ಲಿ ಕೊಚ್ಚಿ ಹತ್ತಿರ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನಲ್ಲಿ 12 ಕಂಟೇನರ್ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಮಾವು ಹಣ್ಣು ಮಾಡಲು ಕದ್ದು ಇಡುತ್ತಾರಲ್ಲ, ಅದೇ. ನೀರು ತಾಗಿದರೆ ಬೇಗ ಬೆಂಕಿ ಹಿಡಿಯುವ ಅಸಿಟಿಲೀನ್ ಅನಿಲ! ಅದಕ್ಕೆ 'ಕೆಮಿಕಲ್' ಎಂದು ಬರೆದಿದ್ದರೆ, ಪೈಪ್ ಹಿಡಿದವ ಮೊದಲು ಎಂತ ಮಾಡುತ್ತಿದ್ದ?

ಉತ್ತರ 2 (ಮಹದೇವಪುರ):
ಸರ್ ಹೇಳಿದ್ದು ಸರಿ. ಡ್ರಮ್‌ನಲ್ಲಿ ಏನಿದೆ ಅಂತ ಬರೆದುಕೊಡೋ ಡಿಕ್ಲರೇಶನ್‌ಗೆ ಸರಕು ಕಳಿಸೋರ ಕಡೆಯಿಂದಲೇ ಸಹಿ, ಅಂದ್ರೆ ನಿಮ್ದು. ನಾಳೆ ಏನಾದ್ರೂ ಆದ್ರೆ ಏಜೆಂಟ್ ಕೈ ತೊಳ್ಕೊತಾರೆ. ನಿಮ್ಮ ಥಿನ್ನರ್‌ನ ಸುರಕ್ಷತಾ ಪತ್ರದ (ಸೇಫ್ಟಿ ಡೇಟಾ ಶೀಟ್) 14ನೇ ಭಾಗ ನೋಡಿ, ಯುಎನ್ ಸಂಖ್ಯೆ ಇರುತ್ತೆ. ಡ್ರಮ್ ಮೇಲೂ ಯುಎನ್ ಪ್ಯಾಕಿಂಗ್ ಗುರುತು, ಅಂದ್ರೆ ಡ್ರಮ್ ಪರೀಕ್ಷೆ ಪಾಸಾಗಿದೆ ಅನ್ನೋ ಗುರುತು, ಅಚ್ಚಾಗಿರಬೇಕು. ಕಂಟೇನರ್‌ನ ನಾಲ್ಕೂ ಬದಿಗೆ, ಬೆಂಕಿ ಹಿಡಿಯೋ ದ್ರವ ಇದೆ ಅಂತ ತೋರಿಸೋ 250 ಮಿಮೀ ಕೆಂಪು ಫಲಕ ಹಾಕಬೇಕು.

ಪ್ರಶ್ನೆ ಕೇಳಿದವರು:
14ನೇ ಭಾಗದಲ್ಲಿ 1263 ಅಂತಲೇ ಇದೆ. ಇಷ್ಟು ದಿನ ಆ ಪತ್ರಾನ ಫೈಲಿಗೆ ಹಾಕೋದಷ್ಟೇ ಮಾಡ್ತಿದ್ದೆ. ಈಗ ಟಾರ್ಚ್ ಹಿಡ್ಕೊಂಡು ಗೋಡೌನ್‌ಗೆ ಹೋಗ್ಬಂದೆ. 40ರಲ್ಲಿ 11 ಡ್ರಮ್‌ಗೆ ಗುರುತೇ ಇಲ್ಲ, ಹಳೇವು. ಬದಲಾಯಿಸೋಕೆ ಹೇಳಿದ್ದೀನಿ. ಏಜೆಂಟ್ ಮಾತ್ರ ಬೆಳಗ್ಗೆಯಿಂದ ಫೋನ್ ಎತ್ತುತ್ತಿಲ್ಲ.