ಮೊದಲ ಹಾಯಿದೋಣಿ: ಟ್ರೇಲರ್ ಸಮೇತ ಹಳೆಯ ಕ್ಯಾಟಲಿನಾ 22 ಕೊಳ್ಳುವ ಮುಂಚೆ

ಫ್ರಿಸ್ಕೋದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಡಾಲಸ್ ಹತ್ತಿರದ ಫ್ರಿಸ್ಕೋದಲ್ಲಿದ್ದೇವೆ. ನಾನು, ನಮ್ಮನೆಯವರು, 6 ಮತ್ತು 10 ವರ್ಷದ ಇಬ್ಬರು ಮಕ್ಕಳು. ನಾವಿಬ್ಬರೂ ಎಎಸ್‌ಎ 101 ಎಂಬ ಹಾಯಿದೋಣಿ ನಡೆಸುವ ಆರಂಭಿಕ ಕೋರ್ಸ್ ಮುಗಿಸಿದ್ದೇವೆ. ಈಗ 1984ರ ಕ್ಯಾಟಲಿನಾ 22 ಒಂದು ಮಾರಾಟಕ್ಕಿದೆ. ಸ್ವಿಂಗ್ ಕೀಲ್ (ತಳದಿಂದ ನೀರಿಗೆ ಇಳಿಸಿ, ಮೇಲೆ ಮಡಚಬಹುದಾದ ಭಾರದ ರೆಕ್ಕೆ) ಇರುವಂಥದ್ದು, ಟ್ರೇಲರ್ ಸಮೇತ 3,800 ಡಾಲರ್ ಹೇಳುತ್ತಿದ್ದಾರೆ. ಎರಡು ವರ್ಷದಿಂದ ನೀರಿಗೆ ಇಳಿಸಿಲ್ಲವಂತೆ. ನಮ್ಮ ಎಸ್‌ಯುವಿಗೆ ಎಳೆಯುವ ಮಿತಿ 5,000 ಪೌಂಡ್. ಎಲ್ಲಾ ಸೇರಿ 7,000 ಡಾಲರ್ ಒಳಗೆ ಮುಗಿಯಬೇಕು. ಲೂಯಿಸ್‌ವಿಲ್ ಮತ್ತು ಟೆಕ್ಸೋಮಾ ಲೇಕ್‌ಗಳಲ್ಲಿ ಓಡಿಸುವ ಆಸೆ. ನೋಡಲು ಹೋದಾಗ ಮೊದಲು ಏನನ್ನು ಪರೀಕ್ಷಿಸಬೇಕು? ಯಾವುದನ್ನು ತಕ್ಷಣ ಸರಿಮಾಡಿಸಬೇಕು, ಯಾವುದು ಮುಂದಿನ ವರ್ಷಕ್ಕೆ ತಡೆಯುತ್ತದೆ?

ಪ್ಲೇನೋದಿಂದ

ಮೊದಲು ಟ್ರೇಲರ್ ನೋಡಿ ಸರ್, ಆಮೇಲೆ ಬೋಟು. ಬೋಟಿನ ಒಳಗೆ ಹತ್ತಿ ಕುಶನ್ ಮೇಲೆ ಕೂತುಬಿಟ್ಟರೆ ಮನಸ್ಸು ಒಪ್ಪಿಬಿಡುತ್ತದೆ, ಕೆಳಗೆ ಬಗ್ಗಿ ನೋಡುವುದು ಮರೆತುಹೋಗುತ್ತದೆ.

ತೂಕದ ಲೆಕ್ಕ ಹೀಗೆ ಹಾಕಿ. ಸ್ವಿಂಗ್ ಕೀಲ್ ಬೋಟು ಸುಮಾರು 2,250 ಪೌಂಡ್, ಟ್ರೇಲರ್ ಸುಮಾರು 900, ಮೋಟರು 60, ಬ್ಯಾಟರಿ 50. ಲಂಗರು, ಸರಪಳಿ, ಹಾಯಿಗಳು, ಕುಶನ್, ನೀರು, ಐಸ್ ಡಬ್ಬ ಸೇರಿ ಇನ್ನೊಂದು 350. ಒಟ್ಟು 3,600ರ ಆಸುಪಾಸು. ನಿಮ್ಮ ಗಾಡಿ ಎಳೆಯುತ್ತದೆ. ಆದರೆ ಕೊಕ್ಕೆಯ ಮೇಲೆ ಬೀಳುವ ಭಾರ ಬೇರೆ ಲೆಕ್ಕ. ಅದು ಒಟ್ಟು ತೂಕದ ಶೇ. 10ರಿಂದ 15 ಇರಬೇಕು, ಅಂದರೆ 360ರಿಂದ 540 ಪೌಂಡ್. 5,000 ಎಳೆಯುವ ಅನೇಕ ಎಸ್‌ಯುವಿಗಳಲ್ಲಿ ಕೊಕ್ಕೆಯ ಮಿತಿ 500. ನಿಮ್ಮ ಗಾಡಿಯ ಪುಸ್ತಕದಲ್ಲಿ ನೋಡಿಕೊಳ್ಳಿ. ಶೇ. 10ಕ್ಕಿಂತ ಕಡಿಮೆಯಾದರೆ ಹೈವೇಯಲ್ಲಿ ಟ್ರೇಲರ್ ಹಾವಿನಂತೆ ಹೊರಳಾಡುತ್ತದೆ. ಆಗ ಬೋಟಿನ ಮೂತಿ ತಾಗುವ ವಿಂಚ್ ಕಂಬವನ್ನು ಒಂದೆರಡು ಅಂಗುಲ ಮುಂದೆ ಸರಿಸಬೇಕು, ಇಲ್ಲವೇ ಹಿಂದಿರುವ ಸಾಮಾನನ್ನು ಮುಂದಕ್ಕೆ ಇಡಬೇಕು. ಟ್ರಕ್ ನಿಲ್ದಾಣದ ಕ್ಯಾಟ್ ಸ್ಕೇಲ್ ಮೇಲೆ ಒಮ್ಮೆ ತೂಗಿದರೆ ಊಹೆಯ ಮಾತೇ ಇರುವುದಿಲ್ಲ.

ಟೈರ್ ಪಕ್ಕೆಯ ಮೇಲೆ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 2317 ಎಂದಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ ಟೈರಿನ ಗೀರು ಎಷ್ಟೇ ಆಳ ಉಳಿದಿರಲಿ, ಬದಲಿಸಿ. ಟ್ರೇಲರ್ ಟೈರ್ ಸವೆದು ಹೋಗುವುದು ಕಡಿಮೆ, ಬಿಸಿಲಿಗೆ ರಬ್ಬರ್ ಸತ್ತು ಹೋಗುವುದೇ ಹೆಚ್ಚು. ಎಸ್‌ಟಿ ಗುರುತಿನ, ಟ್ರೇಲರಿಗೆಂದೇ ಮಾಡಿದ ಟೈರನ್ನೇ ಹಾಕಿ, ಕಾರಿನ ಟೈರ್ ಬೇಡ. ಒಂದೇ ಆ್ಯಕ್ಸಲ್ ಇರುವುದರಿಂದ ಪ್ರತಿ ಟೈರೂ 1,800 ಪೌಂಡ್‌ಗಿಂತ ಹೆಚ್ಚು ಹೊರುವಂತಿರಬೇಕು. 65 ಮೈಲಿ ವೇಗ ದಾಟಿಸಬೇಡಿ.

ಎರಡು ವರ್ಷ ನಿಂತ ಟ್ರೇಲರ್ ಅಂದರೆ ಬೇರಿಂಗ್ ಬಿಚ್ಚಿ, ತೊಳೆದು, ನೀಲಿ ಬಣ್ಣ ಬಂದಿದೆಯಾ, ಗುಳಿ ಬಿದ್ದಿದೆಯಾ ನೋಡಿ, ಹೊಸ ಸೀಲ್ ಹಾಕಿ ಮೆರೈನ್ ಗ್ರೀಸ್ ತುಂಬಲೇಬೇಕು. ಮಾರುವವರು "ಪರವಾಗಿಲ್ಲ, ಓಡುತ್ತೆ" ಎಂದರೂ ಇದನ್ನು ಬಿಡಬೇಡಿ. ಮನೆಗೆ ತರುವಾಗ ಹತ್ತು ಮೈಲಿಗೊಮ್ಮೆ ನಿಲ್ಲಿಸಿ ಹಬ್ (ಚಕ್ರದ ನಡುಭಾಗ) ಮುಟ್ಟಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಮುಂದೆ ಹೋಗಬೇಡಿ. ರ‍್ಯಾಂಪಿಗೆ (ಬೋಟು ನೀರಿಗಿಳಿಸುವ ಇಳಿಜಾರಿಗೆ) ಬಂದ ಮೇಲೂ ಹಬ್ ಆರುವವರೆಗೆ ಕಾಯಬೇಕು. ಬಿಸಿ ಹಬ್ ತಣ್ಣೀರಿಗೆ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ, ಸೀಲ್ ದಾಟಿಸಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬೇರಿಂಗ್ ಕೆಡುವುದು ಹೀಗೆ.

ಆಸ್ಟಿನ್‌ನಿಂದ

ಟ್ರೇಲರ್ ಮಾತು ನೂರಕ್ಕೆ ನೂರು ಸರಿ. ಅದರ ನಂತರ ಕೀಲ್. ಈ ಬೋಟಿನ ಜೀವ ಇರುವುದೇ ಅಲ್ಲಿ.

ಎರಕದ ಕಬ್ಬಿಣದ ಕೀಲ್, ಸುಮಾರು 550 ಪೌಂಡ್. ಮುಂದಿನ ತುದಿಯಲ್ಲಿ ಒಂದು ಅಂಗುಲ ದಪ್ಪದ ಪಿನ್ನಿನ ಮೇಲೆ ತೂಗುತ್ತದೆ. ಹಿಂದಿನ ಭಾಗವನ್ನು ಉಕ್ಕಿನ ಕೇಬಲ್ ಒಂದು ಹಿಡಿದಿರುತ್ತದೆ. ಒಳಗೆ ಇಳಿಯುವ ಮೆಟ್ಟಿಲ ಕೆಳಗಿರುವ ವಿಂಚ್ ಅದನ್ನು ಸುತ್ತುತ್ತದೆ. ಮೇಲಿದ್ದಾಗ ಎರಡು ಅಡಿ ನೀರು ಸಾಕು, ಕೆಳಗಿಳಿಸಿದರೆ ಐದು ಅಡಿ ಬೇಕು. ಕೇಬಲ್ ತುಂಡಾದರೆ ಆ 550 ಪೌಂಡ್ ಒಮ್ಮೆಲೇ ಬಿದ್ದು ತಳದ ಫೈಬರ್‌ಗ್ಲಾಸನ್ನು ಹೊಡೆಯುತ್ತದೆ. ಆದ್ದರಿಂದ ಕೇಬಲ್ಲಿನಲ್ಲಿ ಒಂದೇ ಒಂದು ಎಳೆ ಮುರಿದು ಮುಳ್ಳಿನಂತೆ ಎದ್ದಿದ್ದರೂ ಹೊಸದು ಹಾಕಿ. ದೊಡ್ಡ ಖರ್ಚಲ್ಲ. ಕೇಬಲ್ ಕೀಲಿಗೆ ಸೇರುವ ಕೊಂಡಿ, ಅದರ ಪಿನ್, ವಿಂಚ್‌ನ ಹಲ್ಲು, ಹಿಡಿಕೆ ಬಿಟ್ಟಾಗ ತಾನೇ ತಿರುಗದಂತೆ ತಡೆಯುವ ಬ್ರೇಕ್, ಎಲ್ಲವನ್ನೂ ನೋಡಿ.

ಕೇಬಲ್ ಬೋಟಿನೊಳಗೆ ಬರುವ ಜಾಗದಲ್ಲಿ ಫೈಬರ್‌ಗ್ಲಾಸಿನ ಗೋಪುರದಂಥ ಉಬ್ಬು ಇದೆ. ಇಲ್ಲಿನ ಕ್ಯಾಟಲಿನಾ ಮಂದಿ ಅದನ್ನು ವಾಲ್ಕೆನೋ ಎನ್ನುತ್ತಾರೆ. ಅದರ ಮೇಲೆ ರಬ್ಬರ್ ಕೊಳವೆ, ಎರಡು ಕ್ಲ್ಯಾಂಪ್. ಆ ಕೊಳವೆ ಸೀಳಿದರೆ ನೀರು ನೇರ ಒಳಗೆ. ಬುಡದಲ್ಲಿ ಕೂದಲೆಳೆಯ ಬಿರುಕು ಇದೆಯಾ ಎಂದು ಟಾರ್ಚ್ ಹಾಕಿ ನೋಡಿ.

ಇನ್ನು ಪಿನ್. ಕೀಲಿನ ಹಿಂತುದಿಯನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಸ್ವಲ್ಪ ಆಡುವುದು ಸಹಜ. ಟಕ್ ಟಕ್ ಎಂದು ಬಡಿದರೆ ಪಿನ್ ಸವೆದಿದೆ, ಇಲ್ಲವೇ ಕೀಲಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದೆ. ಪಿನ್ ಮಾತ್ರ ಆದರೆ ಹೊಸದು ಹಾಕಿ ಎರಡೂ ಬದಿಗೆ ವಾಷರ್ ಕೊಟ್ಟರೆ ಮುಗಿಯಿತು. ತೂತು ಹಿಗ್ಗಿದ್ದರೆ ಕೊರೆದು ಬುಷ್ ಕೂರಿಸಬೇಕು. ಅದಕ್ಕೆ ಬೋಟನ್ನು ಮೇಲೆತ್ತಿ ಭದ್ರವಾಗಿ ನಿಲ್ಲಿಸಿ, ಕೀಲನ್ನು ಜ್ಯಾಕ್ ಮೇಲೆ ಇಳಿಸಬೇಕಾಗುತ್ತದೆ. ಮೊದಲ ಸಲ ಮಾಡುವವರ ಕೆಲಸ ಅಲ್ಲ, ಬೋಟ್ ಯಾರ್ಡಿಗೆ ಕೊಡಿ. ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳುವುದು ನ್ಯಾಯವೇ.

ಟ್ರೇಲರ್ ಮೇಲಿದ್ದಾಗ ಕೀಲ್ ತನ್ನ ಆಸರೆಯ ಹಲಗೆಯ ಮೇಲೆ ಕೂತಿರಬೇಕು. ಕೇಬಲ್ ಮೇಲೆ ನೇತಾಡುತ್ತಿದ್ದರೆ ರಸ್ತೆಯ ಪ್ರತಿ ಗುಂಡಿಯ ಏಟೂ ವಿಂಚ್ ಮತ್ತು ಪಿನ್ನಿಗೆ ಬೀಳುತ್ತದೆ.

ಹ್ಯೂಸ್ಟನ್‌ನಿಂದ

ಕೀಲ್ ಬಗ್ಗೆ ಒಂದು ಸೇರಿಸುತ್ತೇನೆ. ಕೆಳಗಿಳಿಸಿದ ಕೀಲನ್ನು ಅಲ್ಲೇ ಬಿಗಿಯುವ ಬೋಲ್ಟ್ ಒಂದಿದೆ. ಗಾಳಿ ಜೋರಿದ್ದು ನೀರು ಆಳವಿದ್ದರೆ ಬಿಗಿಯಿರಿ, ಬೋಟು ಪಕ್ಕಕ್ಕೆ ಬಿದ್ದಾಗ ಕೀಲ್ ಒಳಗೆ ಮಡಚಿಕೊಳ್ಳದೆ ಅದನ್ನು ಎತ್ತಿ ನಿಲ್ಲಿಸುತ್ತದೆ. ನೀರು ಕಡಿಮೆಯಿರುವ ಕಡೆ ಸಡಿಲಿಸಿ, ನೆಲಕ್ಕೆ ತಾಗಿದರೆ ಹಿಂದಕ್ಕೆ ಮಡಚಿಕೊಳ್ಳಲಿ. ಬೋಲ್ಟ್ ಬಿಗಿದಿದ್ದನ್ನು ಮರೆತು ವಿಂಚ್ ತಿರುಗಿಸಿದರೆ ಕೇಬಲ್ ಹೋಗುತ್ತದೆ. ವಿಂಚ್ ಹಿಡಿಕೆಗೇ ಒಂದು ಕೆಂಪು ಪಟ್ಟಿ ಕಟ್ಟಿ.

ಈಗ ಡೆಕ್, ಅಂದರೆ ಬೋಟಿನ ಮೇಲಿನ ನಡೆಯುವ ಭಾಗ. ಮೇಲೆ ಕೆಳಗೆ ಫೈಬರ್‌ಗ್ಲಾಸ್, ಮಧ್ಯೆ ಮರ. ಕಂಬಿ, ಕ್ಲೀಟ್ (ಹಗ್ಗ ಕಟ್ಟುವ ಗೂಟ), ಕಿಟಕಿಗಳ ಸ್ಕ್ರೂ ತೂತಿನಿಂದ ನೀರು ಇಳಿದರೆ ಮರ ಕೊಳೆಯುತ್ತದೆ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಅಂಗೈ ಅಗಲಕ್ಕೊಂದರಂತೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದರೆ ಟಣ್ ಎನ್ನುತ್ತದೆ, ಕೊಳೆತಿದ್ದರೆ ಒದ್ದೆ ಗೋಣಿ ತಟ್ಟಿದ ಹಾಗೆ ದಬ್ ಎನ್ನುತ್ತದೆ. ಮಾಸ್ಟ್ (ಹಾಯಿ ಕಂಬ) ಬುಡದ ಸುತ್ತ ಮತ್ತು ಪಕ್ಕದ ತಂತಿಗಳು ಬಿಗಿದಿರುವ ಕಡೆ ಹೆಚ್ಚು ಗಮನ ಕೊಡಿ. ಅಂಗೈ ಅಗಲ ಮೆತ್ತಗಿದ್ದರೆ ರಿಪೇರಿ ಸಾಧ್ಯ. ಕಾಲಿಟ್ಟಾಗ ಡೆಕ್ ತಗ್ಗಿದರೆ, ಅಥವಾ ಮಾಸ್ಟ್ ಬುಡ ಕುಳಿಬಿದ್ದಿದ್ದರೆ ಬೇರೆ ಬೋಟು ಹುಡುಕಿ. ಈ ಮಾದರಿಯ 15,000ಕ್ಕೂ ಹೆಚ್ಚು ಬೋಟುಗಳು ತಯಾರಾಗಿವೆ, ಇದೊಂದೇ ಅಲ್ಲ.

ಸೋರುವ ಕ್ಲೀಟ್ ಸರಿಮಾಡಲು ಸಿಲಿಕೋನ್ ಮೆತ್ತಬೇಡಿ, ಆಮೇಲೆ ಅದರ ಮೇಲೆ ಏನೂ ಅಂಟುವುದಿಲ್ಲ. ಬೋಲ್ಟ್ ಬಿಚ್ಚಿ, ತೂತನ್ನು ದೊಡ್ಡದು ಮಾಡಿ, ಒಳಗಿನ ಒದ್ದೆ ಮರ ಕೆರೆದು ಪೂರ್ತಿ ಒಣಗಿಸಿ. ಅಡಿಯಲ್ಲಿ ಟೇಪ್ ಹಚ್ಚಿ ಗಟ್ಟಿ ಮಾಡಿದ ಎಪಾಕ್ಸಿ ತುಂಬಿ. ಮರುದಿನ ಅದರ ಮಧ್ಯೆ ಬೋಲ್ಟ್ ಅಳತೆಗೆ ಕೊರೆದು, ಬ್ಯುಟೈಲ್ ಟೇಪ್ ಸುತ್ತಿ ಬಿಗಿಯಿರಿ. ಮುಂದೆ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ.

ಇನ್ನೊಂದು ಮಾತು, ಮಕ್ಕಳಿರುವುದರಿಂದ ಒತ್ತಿ ಹೇಳುತ್ತಿದ್ದೇನೆ. ಕೂರುವ ಜಾಗದ ಎಡಬದಿಯ ಸೀಟಿನ ಕೆಳಗಿನ ದೊಡ್ಡ ಡಬ್ಬದ ಮುಚ್ಚಳಕ್ಕೆ ಚಿಲಕ ಹಾಕಿಸಿ. ಆ ಡಬ್ಬ ಬೋಟಿನ ಒಳಭಾಗಕ್ಕೆ ತೆರೆದಿದೆ. ಜೋರು ಗಾಳಿಗೆ ಬೋಟು ಪೂರ್ತಿ ವಾಲಿದಾಗ ಮುಚ್ಚಳ ತೆರೆದುಕೊಂಡರೆ ನೀರು ನುಗ್ಗಿ ಬೋಟು ಮುಳುಗುತ್ತದೆ. ಒಂದು ಚಿಲಕ, ನಾಲ್ಕು ಬೋಲ್ಟ್, ಅರ್ಧ ಗಂಟೆ ಕೆಲಸ. ನೀರಿಗಿಳಿಸುವ ಮೊದಲೇ ಆಗಬೇಕು.

ರೌಂಡ್ ರಾಕ್‌ನಿಂದ

ನಾನು ಮಾಸ್ಟ್ ಬಗ್ಗೆ ಹೇಳುತ್ತೇನೆ. ಅದನ್ನು ಹಿಡಿದಿರುವ ತಂತಿಗಳು 1/8 ಅಂಗುಲದ ಸ್ಟೇನ್‌ಲೆಸ್, 19 ಎಳೆಯವು. ಹೊಸದಾಗಿದ್ದಾಗ ಸುಮಾರು 2,100 ಪೌಂಡ್ ತಡೆಯುತ್ತವೆ. ಎಷ್ಟು ಹಳೆಯವು ಎಂದು ಕೇಳಿ. 15 ವರ್ಷ ದಾಟಿದ್ದರೆ, ಅಥವಾ ಅವರಿಗೇ ಗೊತ್ತಿಲ್ಲದಿದ್ದರೆ, ಪೂರ್ತಿ ಸೆಟ್ ಬದಲಿಸಿ. ನಿಮ್ಮ 7,000ದಲ್ಲಿ ಇದಕ್ಕೆ ಜಾಗ ಇಡಿ. ತಂತಿ ತುದಿಯ ಲೋಹದ ತೋಳಿನ ಬಾಯಲ್ಲಿ ಹತ್ತಿಯ ಉಂಡೆ ಉಜ್ಜಿ ನೋಡಿ, ಎಳೆ ಮುರಿದಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಆ ತೋಳಿನ ಮೇಲೆ ಉದ್ದುದ್ದ ತುಕ್ಕಿನ ಗೆರೆ ಇದ್ದರೆ ಅದು ಬಿರುಕು.

ಮಾಸ್ಟ್ ಎತ್ತುವಾಗ ಕಾರು ಕಟ್ಟಿಕೊಂಡೇ ಇರಲಿ, ನೆಲ ಸಮವಾಗಿರಲಿ. ಮೊದಲು ತಲೆಯೆತ್ತಿ ಕರೆಂಟ್ ತಂತಿ ನೋಡಿ, ನಿಂತ ಜಾಗದಲ್ಲಷ್ಟೇ ಅಲ್ಲ, ಅಲ್ಲಿಂದ ರ‍್ಯಾಂಪಿನವರೆಗಿನ ದಾರಿಯಲ್ಲೂ. ಸುಮಾರು 25 ಅಡಿಯ ಅಲ್ಯೂಮಿನಿಯಂ ಮಾಸ್ಟ್ ಟ್ರೇಲರ್ ಮೇಲೆ ನಿಂತ ಬೋಟಿನ ಮೇಲಿರುತ್ತದೆ ಎಂಬುದು ನೆನಪಿರಲಿ. ಮಾಸ್ಟ್ ಬುಡವನ್ನು ಪಿನ್ ಹಾಕಿ ಕೂರಿಸಿ, ತುದಿ ಹಿಂದಿನ ಕವೆಯ ಮೇಲೆ ಮಲಗಿರಲಿ. ಮೇಲಿನ ತಂತಿಗಳು, ಹಿಂದಿನ ಕೆಳತಂತಿಗಳು, ಹಿಂಬದಿಯ ತಂತಿ, ಇವು ಕಟ್ಟಿರಬೇಕು. ಮುಂದಿನ ಕೆಳತಂತಿಗಳನ್ನೂ ಮೂತಿಗೆ ಕಟ್ಟುವ ಮುಂಬದಿಯ ತಂತಿಯನ್ನೂ ಬಿಚ್ಚಿರಬೇಕು, ಇಲ್ಲದಿದ್ದರೆ ಮಾಸ್ಟ್ ಮೇಲೇಳುವುದಿಲ್ಲ. ಒಬ್ಬರು ಹೆಗಲು ಕೊಟ್ಟು ಎತ್ತಿದರೆ ಇನ್ನೊಬ್ಬರು ಮುಂದಿನಿಂದ ಜಿಬ್ (ಮುಂದಿನ ಹಾಯಿ) ಎತ್ತುವ ಹಗ್ಗ ಎಳೆಯಬೇಕು. ಎಲ್ಲರೂ ಎಡವುವುದು ಒಂದೇ ಕಡೆ: ಅರ್ಧ ಎತ್ತಿದಾಗ ತಂತಿ ಬಿಗಿಯುವ ತಿರುಪು, ಅಂದರೆ ಟರ್ನ್‌ಬಕಲ್ ಅಡ್ಡ ಸಿಕ್ಕಿಕೊಳ್ಳುತ್ತದೆ. ಮಾಸ್ಟ್ ಭಾರಕ್ಕೆ ಅದರ ಕಡ್ಡಿ ಬಾಗುತ್ತದೆ. ಬಾಗಿದ್ದನ್ನು ಬಡಿದು ನೇರ ಮಾಡಿ ಹಾಕಬೇಡಿ, ಮುಂದೆ ಗಾಳಿಯಲ್ಲಿ ಮುರಿಯುವುದು ಅದೇ. ಅರ್ಧಕ್ಕೆ ನಿಲ್ಲಿಸಿ ಎಲ್ಲಾ ಟರ್ನ್‌ಬಕಲ್ ನೆಟ್ಟಗಿವೆಯಾ ನೋಡಲು 10 ವರ್ಷದ ಮಗುವಿಗೆ ಹೇಳಬಹುದು, ಆದರೆ ಮಾಸ್ಟ್ ಬೀಳುವ ದಾರಿಯಿಂದ ದೂರ ನಿಲ್ಲಿಸಿ.

ಇಬ್ಬರಿಗೂ ಭಾರವೆನಿಸಿದರೆ ಜಿನ್ ಪೋಲ್ ಮಾಡಿಕೊಳ್ಳಿ. ಆರರಿಂದ ಎಂಟು ಅಡಿಯ ಗಟ್ಟಿ ಕಂಬ ಮಾಸ್ಟ್ ಬುಡದಿಂದ ಮುಂದಕ್ಕೆ ಚಾಚಿರುತ್ತದೆ. ಅದರ ತುದಿಗೆ ಜಿಬ್ ಹಗ್ಗ, ಅಲ್ಲಿಂದ ಬೋಟಿನ ಮೂತಿಗೆ ನಾಲ್ಕು ಸುತ್ತಿನ ರಾಟೆ. ಒಬ್ಬರೇ ಎತ್ತಬಹುದು.

ಫ್ರಿಸ್ಕೋದಿಂದ ಮತ್ತೆ

ತುಂಬಾ ಧನ್ಯವಾದ. ಮೋಟರು ಯಾವುದು? ಹಾಯಿಗಳು ಮೂಲದವೇ ಅಂತೆ, ಹೊಸದು ಹೊಲಿಸಬೇಕಾ? ಸುರಕ್ಷತೆಯ ಸಾಮಾನು, ಕಾಗದಪತ್ರದ ಬಗ್ಗೆಯೂ ಯಾರಾದರೂ ಹೇಳುತ್ತೀರಾ?

ಆಸ್ಟಿನ್‌ನಿಂದ

4ರಿಂದ 6 ಎಚ್‌ಪಿ, ಫೋರ್ ಸ್ಟ್ರೋಕ್ ಸಾಕು. ಎಚ್‌ಪಿಗಿಂತ ಶಾಫ್ಟ್ ಉದ್ದ ಮುಖ್ಯ: 25 ಅಂಗುಲದ್ದು ತೆಗೆದುಕೊಳ್ಳಿ. 20 ಅಂಗುಲದ್ದಾದರೆ ಯಾರಾದರೂ ಬೋಟಿನ ಮೂತಿಗೆ ಹೋದ ತಕ್ಷಣ ಹಿಂಭಾಗ ಎದ್ದು ಫ್ಯಾನ್ ಗಾಳಿಯಲ್ಲಿ ತಿರುಗುತ್ತದೆ. ದಡ ಸೇರುವ ಹೊತ್ತಿಗೇ ಹೀಗಾಗುವುದು. ಎಥನಾಲ್ ಬೆರೆತ ಪೆಟ್ರೋಲ್ ಎರಡು ವರ್ಷ ನಿಂತಿದ್ದರೆ ಕಾರ್ಬುರೇಟರ್ ಜೆಟ್ ಕಟ್ಟಿರುತ್ತದೆ, ಬಿಚ್ಚಿ ತೊಳೆಯಬೇಕು. ನೀರು ತಳ್ಳುವ ರಬ್ಬರ್ ಇಂಪೆಲ್ಲರನ್ನು ನೋಡುವುದೇ ಬೇಡ, ಹೊಸದು ಹಾಕಿ.

ರೌಂಡ್ ರಾಕ್‌ನಿಂದ

ಹಾಯಿ ಹಳೆಯದಾದರೂ ಕಲಿಯುವ ವರ್ಷಕ್ಕೆ ನಡೆಯುತ್ತದೆ. ಹೊಲಿಗೆಯನ್ನು ಉಗುರಿನಿಂದ ಕೆರೆಯಿರಿ, ನೂಲು ಪುಡಿಯಾದರೆ ಮರುಹೊಲಿಗೆ ಹಾಕಿಸಿ. ಹೊಸ ಹಾಯಿಗೆ ಹಣ ಹಾಕುವ ಮೊದಲು ಮೇನ್ ಹಾಯಿಗೆ ರೀಫ್ ಹಗ್ಗ (ಹಾಯಿ ಕುಗ್ಗಿಸುವ ಹಗ್ಗ) ಹಾಕಿಸಿ, ಕೂತಲ್ಲಿಂದಲೇ ಎಳೆಯುವಂತಿರಲಿ. ನಮ್ಮ ಕಡೆ ವಸಂತದ ತೆಂಕಣ ಗಾಳಿ 15 ನಾಟ್ ದಾಟುವುದು ಸಾಮಾನ್ಯ, ಈ ಬೋಟಿಗೆ 12ರಿಂದ 15ರೊಳಗೇ ಹಾಯಿ ಕುಗ್ಗಿಸಬೇಕು. ಚಳಿಗಾಲದಲ್ಲಿ ಬಡಗಣ ಗಾಳಿ ಕೆಲವೇ ನಿಮಿಷದಲ್ಲಿ ತಿರುಗಿ ಬೀಸುತ್ತದೆ, ಆ ಮುನ್ಸೂಚನೆ ಇದ್ದ ದಿನ ಮಕ್ಕಳೊಂದಿಗೆ ಹೋಗಬೇಡಿ.

ಪ್ಲೇನೋದಿಂದ

ಲಂಗರು 8 ಪೌಂಡಿನ ಡ್ಯಾನ್‌ಫೋರ್ತ್ ಬಗೆಯದು, 15 ಅಡಿ ಸರಪಳಿ, 150 ಅಡಿ ನೈಲಾನ್ ಹಗ್ಗ. ಹತ್ತು ಅಡಿ ನೀರಿದ್ದರೆ ಎಪ್ಪತ್ತು ಅಡಿ ಬಿಡಿ. ಲೈಫ್ ಜಾಕೆಟ್ ಮಕ್ಕಳ ವಯಸ್ಸಿಗಲ್ಲ, ತೂಕಕ್ಕೆ ತಕ್ಕಂತೆ: 30ರಿಂದ 50 ಪೌಂಡ್‌ಗೆ ಚೈಲ್ಡ್, 50ರಿಂದ 90ಕ್ಕೆ ಯೂತ್. ಟೆಕ್ಸಸ್‌ನಲ್ಲಿ 26 ಅಡಿಗಿಂತ ಚಿಕ್ಕ ಬೋಟು ಚಲಿಸುವಾಗ 13ರೊಳಗಿನವರು ತೊಟ್ಟೇ ಇರಬೇಕು. ಜೊತೆಗೆ ಎಸೆಯುವ ಕುಶನ್ ಒಂದು, ಬೆಂಕಿ ಆರಿಸುವ ಸಿಲಿಂಡರ್, ಸೀಟಿ. 1993ರ ಸೆಪ್ಟೆಂಬರ್ 1ರಂದು ಅಥವಾ ನಂತರ ಹುಟ್ಟಿದವರು ಈ ಬೋಟು ನಡೆಸಲು ರಾಜ್ಯದ ಬೋಟರ್ ಎಜುಕೇಶನ್ ಕೋರ್ಸ್ ಮಾಡಿರಬೇಕು.

ಕಾಗದ ಮೂರು ಬಗೆ. ಬೋಟಿಗೊಂದು ಟೈಟಲ್ (ಮಾಲೀಕತ್ವದ ಪತ್ರ), ಔಟ್‌ಬೋರ್ಡ್ ಮೋಟರಿಗೆ ಬೇರೆ ಟೈಟಲ್, ಎರಡೂ ಟೆಕ್ಸಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯವು. ಟ್ರೇಲರಿನದು ಕೌಂಟಿ ತೆರಿಗೆ ಕಚೇರಿಯಲ್ಲಿ. ಬೋಟಿನ ಹಿಂಭಾಗದ ಬಲಬದಿಯಲ್ಲಿ ಕೊರೆದಿರುವ 12 ಅಕ್ಷರದ ಸಂಖ್ಯೆ ಮತ್ತು ಮೋಟರಿನ ಸೀರಿಯಲ್ ನಂಬರ್, ಇವೆರಡೂ ಟೈಟಲ್‌ನಲ್ಲಿರುವುದಕ್ಕೆ ಒಂದೊಂದಕ್ಷರವೂ ಹೊಂದಬೇಕು. ಟೈಟಲ್ ಮಾರುವವರ ಹೆಸರಿನಲ್ಲೇ ಇರಬೇಕು. "ಹಿಂದಿನ ಮಾಲೀಕರದ್ದು, ಆಮೇಲೆ ಕಳಿಸುತ್ತೇನೆ" ಎಂದರೆ ಹಣ ಕೊಡಬೇಡಿ.

ಹ್ಯೂಸ್ಟನ್‌ನಿಂದ

ಟೆಕ್ಸೋಮಾಕ್ಕೆ ಹೋಗಿ ಬಂದು ಲೂಯಿಸ್‌ವಿಲ್‌ನಲ್ಲಿ ಇಳಿಸುವುದಾದರೆ ಇದು ಓದಿ. ಟೆಕ್ಸೋಮಾದಲ್ಲಿ 2009ರಲ್ಲೇ ಜೀಬ್ರಾ ಮಸ್ಸೆಲ್ ಎಂಬ, ಬೇರೆ ಕೆರೆಗಳಿಗೆ ಹರಡಿ ಹಾನಿ ಮಾಡುವ ಚಿಪ್ಪುಜೀವಿ ಸಿಕ್ಕಿದೆ. ಅದರ ಮರಿ ಕಣ್ಣಿಗೆ ಕಾಣುವುದಿಲ್ಲ, ಬೋಟಿನೊಳಗೆ ಉಳಿದ ನೀರಿನಲ್ಲೇ ಪ್ರಯಾಣ ಮಾಡುತ್ತದೆ. ಲೇಕ್ ಬಿಡುವ ಮುನ್ನ ತಳದ ನೀರು, ಐಸ್ ಡಬ್ಬದ ನೀರು ಪೂರ್ತಿ ಖಾಲಿ ಮಾಡುವುದು ರಾಜ್ಯದ ಕಾನೂನು. ಈ ಬೋಟಿನಲ್ಲಿ ನೀರು ಹೆಚ್ಚು ಉಳಿಯುವುದು ಕೀಲಿನ ಗೂಡಿನಲ್ಲಿ. ರ‍್ಯಾಂಪ್ ಹತ್ತಿದ ಮೇಲೆ ಇಳಿಜಾರಿನಲ್ಲೇ ಐದು ನಿಮಿಷ ನಿಲ್ಲಿಸಿ, ಮೋಟರನ್ನು ನೆಟ್ಟಗೆ ಕೆಳಗಿಳಿಸಿ ಅದರ ನೀರೂ ಬಸಿಯಲು ಬಿಡಿ, ಆಮೇಲೆ ಮಾಸ್ಟ್ ಇಳಿಸುವ ಜಾಗಕ್ಕೆ ಹೋಗಿ.