ಇಳಿದದ್ದು 9 ಕೆಜಿ ಸರಿ, ಅದರಲ್ಲಿ ಕೊಬ್ಬೆಷ್ಟು?

[ಫಾರ್ವರ್ಡ್ ಆದ ಚಿತ್ರ: “ಟೈಪ್ 2 ಶುಗರ್. 12 ವಾರ. ತೂಕ 80ರಿಂದ 71 ಕೆಜಿ. ಸ್ಮಾರ್ಟ್ ಸ್ಕೇಲ್‌ನಲ್ಲಿ ಬಾಡಿ ಫ್ಯಾಟ್ 34ರಿಂದ 31%. ಎಚ್‌ಬಿಎ1ಸಿ (ಸುಮಾರು 3 ತಿಂಗಳ ಸರಾಸರಿ ಶುಗರ್) 8.1ರಿಂದ 6.7%. ಮಾತ್ರೆ ಅದೇ ಡೋಸ್. ಶುಗರ್ ವಾಸಿ!”]

ರಘು: ಇದನ್ನ ಪೇಷೆಂಟ್ ಗುಂಪುಗಳಿಗೂ ಹಾಕೋಣ. 9 ಕೆಜಿ ಅಂದ್ರೆ ಸಣ್ಣ ಮಾತಲ್ಲ.

ಶೈಲಜಾ: ತಡಿಯೋ, ಮೊದಲು ಲೆಕ್ಕ ಹಾಕು. 80ರಲ್ಲಿ 34% ಅಂದ್ರೆ ಕೊಬ್ಬು 27.2 ಕೆಜಿ. 71ರಲ್ಲಿ 31% ಅಂದ್ರೆ 22. ಹೋಗಿದ್ದು 5.2 ಅಷ್ಟೆ. ಉಳಿದ 3.8 ಸ್ನಾಯು ತಾನೆ? ಇನ್ಸುಲಿನ್ ಬಂದಾಗ ರಕ್ತದ ಗ್ಲೂಕೋಸ್ ಎಳ್ಕೊಳ್ಳೋ ದೊಡ್ಡ ಜಾಗ ಅದೇ. ಅದನ್ನ ಕರಗಿಸಿ ವಾಸಿ ಅಂತೀಯಾ?

ರಘು: ಕೊಬ್ಬು ಇಳಿಸದೆ ರೆಮಿಷನ್, ಅಂದ್ರೆ ಮಾತ್ರೆ ಇಲ್ಲದೆ ಶುಗರ್ ಹತೋಟಿಯಲ್ಲಿರೋದು, ಎಲ್ಲಿಂದ ಬರುತ್ತೆ? 2017ರ ‘ಡೈರೆಕ್ಟ್’ ಅನ್ನೋ ಟ್ರಯಲ್‌ನಲ್ಲಿ ದಿನಕ್ಕೆ 825–853 ಕ್ಯಾಲರಿಯಿಂದ ಶುರು ಮಾಡಿದವರಲ್ಲಿ ವರ್ಷಕ್ಕೆ 46% ರೆಮಿಷನ್. 15 ಕೆಜಿ ಅಥವಾ ಹೆಚ್ಚು ಇಳಿಸಿದವರಲ್ಲಿ 86%. ಸ್ನಾಯು ಸ್ನಾಯು ಅಂತ ಹೆದರಿಸಿದ್ರೆ ಜನ ತೂಕ ಇಳಿಸೋದನ್ನೇ ಬಿಟ್ಟುಬಿಡ್ತಾರೆ.

ಶೈಲಜಾ: ನಾನು ಇಳಿಸಬೇಡಿ ಅಂದ್ನಾ? ಆ ಟ್ರಯಲ್‌ನಲ್ಲಿದ್ದವರಿಗೆ ಶುಗರ್ ಬಂದು 6 ವರ್ಷದೊಳಗೆ, ಇನ್ಸುಲಿನ್ ಇಲ್ಲ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 27ರ ಮೇಲೆ. 70 ದಾಟಿದ, ಸಣಕಲು ಕಾಲಿನ, ಹೊಟ್ಟೆ ಮಾತ್ರ ಇರೋ ಪೇಷೆಂಟ್‌ಗೂ ಅದೇ ಪೋಸ್ಟರ್ ಹಾಕ್ತೀಯಲ್ಲ, ಅದು ನನ್ನ ತಕರಾರು.

ವಿನಯ್: ಇಬ್ರೂ ಆ 34, 31ನ್ನ ನಂಬ್ಕೊಂಡು ಜಗಳ ಆಡ್ತಿದೀರಿ. ಆ ಯಂತ್ರ ಕೊಬ್ಬನ್ನ ನೋಡೋದೇ ಇಲ್ಲ. ಒಂದು ಪಾದದಿಂದ ಇನ್ನೊಂದಕ್ಕೆ ಸಣ್ಣ ಕರೆಂಟ್ ಬಿಟ್ಟು ತಡೆ ಅಳೆಯುತ್ತೆ. ಮಿಕ್ಕಿದ್ದು ವಯಸ್ಸು, ಎತ್ತರ, ತೂಕ ಹಾಕಿದ ಸೂತ್ರ. ಮೈಯಲ್ಲಿ ನೀರು ಕಮ್ಮಿಯಾದ್ರೆ ಕೊಬ್ಬು ಜಾಸ್ತಿ ಅಂತ ತೋರಿಸುತ್ತೆ, ಕಾಲು ಬಾತಿದ್ರೆ ಕಮ್ಮಿ ಅಂತ. ಶುಗರ್ ಏರಿ ಪದೇ ಪದೇ ಮೂತ್ರಕ್ಕೆ ಹೋಗೋವ್ರಲ್ಲಿ, ಸಕ್ಕರೆಯನ್ನ ಮೂತ್ರದಲ್ಲಿ ಹೊರಹಾಕೋ ಡಪಾಗ್ಲಿಫ್ಲೋಜಿನ್ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಅದಕ್ಕೆ ಬೆಲೆ ಕೊಡಬೇಡಿ. ಪೇಸ್‌ಮೇಕರ್ ಇದ್ದವರು ಹತ್ತಲೇಬಾರದು. ಶೈಲಾ, ನಿನ್ನ 3.8ರಲ್ಲಿ ಮೈ ಕೂಡಿಟ್ಕೊಳ್ಳೋ ಸಕ್ಕರೆ ಗ್ಲೈಕೋಜನ್ನೂ ಅದರ ಜೊತೆಗಿನ ನೀರೂ ಸೇರಿವೆ, ಗ್ರಾಂಗೆ ಸುಮಾರು 3 ಗ್ರಾಂ ನೀರು. ಡೆಕ್ಸಾ ಅನ್ನೋ ಎಕ್ಸ್‌ರೇ ಸ್ಕ್ಯಾನ್ ಕೂಡ ಆ ನೀರನ್ನ ಲೀನ್ (ಕೊಬ್ಬಲ್ಲದ ಭಾಗ) ಲೆಕ್ಕಕ್ಕೇ ಸೇರಿಸುತ್ತೆ.

ಶೈಲಜಾ: ಒಪ್ಪಿದೆ, 3.8 ಪೂರ್ತಿ ಸ್ನಾಯು ಅಂದಿದ್ದು ತಪ್ಪು. ಹಾಗಾದ್ರೆ ಟೇಪು, ಕುರ್ಚಿ ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯ ಟೇಪ್ ಸುತ್ತಿ, ಉಸಿರು ಸಹಜವಾಗಿ ಬಿಟ್ಟಾಗ ಓದಬೇಕು. ಹೊಕ್ಕುಳನ್ನ ಗುರುತಿಟ್ಕೊಂಡ್ರೆ ಹೊಟ್ಟೆ ಜೋತವರಲ್ಲಿ ಟೇಪ್ ಕೆಳಗಿಳಿಯುತ್ತೆ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಮ್ಮಿ ಇರಬೇಕು. ಆಮೇಲೆ ಕೈ ಎದೆ ಮೇಲೆ ಕಟ್ಟಿ ಕುರ್ಚಿಯಿಂದ 5 ಸಲ ಎಬ್ಬಿಸಿ ಕೂರಿಸು. ಏಷ್ಯಾದ 2019ರ ಮಾನದಂಡದಲ್ಲಿ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದ್ರೆ ಸ್ನಾಯು ಸೊರಗಿದೆಯಾ ಅಂತ ನೋಡಲೇಬೇಕು. ಸೊಂಟ ಇಳೀತಾ ಆ ಸೆಕೆಂಡ್ ಹಾಗೇ ಇದ್ರೆ ದಾರಿ ಸರಿ. ಸೊಂಟ ಅಲ್ಲಾಡದೆ ತೊಡೆ ಮಾತ್ರ ಸೊರಗಿ, ಶುಗರ್ 300 ಇದ್ರೆ ಅದು ಇನ್ಸುಲಿನ್ ಸಾಲದೆ ಮೈ ಕರಗ್ತಿರೋದು. ಅವರಿಗೆ ಶಭಾಷ್ ಹೇಳಬಾರದು, ತಕ್ಷಣ ಡಾಕ್ಟರ್ ಹತ್ರ ಕಳಿಸಬೇಕು.

ರಘು: ಸರಿ. ಆದ್ರೆ ಎಲ್ಲರೂ ಪ್ರೋಟೀನ್ ಜಾಸ್ತಿ ತಿನ್ನಿ ಅಂತ ಸೇರಿಸಬೇಡ.

ಸುಧಾ: ಸೇರಿಸಲಿ, ಷರತ್ತು ಹಾಕಿ. ವಯಸ್ಸಾದವರಿಗೆ ದಿನಕ್ಕೆ, ಮೈತೂಕದ ಕೆಜಿಗೆ 1ರಿಂದ 1.2 ಗ್ರಾಂ. ಅದಕ್ಕೂ ಮೊದಲು ಕಿಡ್ನಿ ಪರೀಕ್ಷೆಗಳಾದ ಕ್ರಿಯಾಟಿನೀನ್, ಮೂತ್ರದ ಆಲ್ಬುಮಿನ್ ನೋಡಿರಬೇಕು. ಕಿಡ್ನಿ ಕಾಯಿಲೆ ಇದ್ದು ಡಯಾಲಿಸಿಸ್ ಇಲ್ಲದವರಿಗೆ 0.8. ಭಾರ ಎತ್ತದೆ ಬರೀ ಪ್ರೋಟೀನ್ ತಿಂದ್ರೆ ಸ್ನಾಯು ಉಳಿಯಲ್ಲ: ವಾರಕ್ಕೆ 2–3 ದಿನ, ನಡುವೆ ಬಿಡುವು ಕೊಟ್ಟು, ಒಂದು ಸುತ್ತಿಗೆ 8–12 ಸಲ, ಕೊನೆಯ ಎರಡು ಕಷ್ಟ ಆಗ್ಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳೋವ್ರಿಗೆ ವ್ಯಾಯಾಮಕ್ಕೆ ಮುಂಚೆ ಶುಗರ್ 90ಕ್ಕಿಂತ ಕೆಳಗಿದ್ರೆ ಮೊದಲು 15 ಗ್ರಾಂ ಕಾರ್ಬ್ (ಸಕ್ಕರೆ, ಪಿಷ್ಟ). ರೆಟಿನಾದಲ್ಲಿ ಹೊಸ ರಕ್ತನಾಳ ಬೆಳೆದವರು ಉಸಿರು ಬಿಗಿಹಿಡಿದು ಎತ್ತಬಾರದು, ಕಣ್ಣಲ್ಲಿ ರಕ್ತಸ್ರಾವ ಆಗಬಹುದು.

ರಘು: “ವಾಸಿ” ತೆಗೀತೀನಿ. ಮಾತ್ರೆ ನಿಲ್ಲಿಸಿ ಕನಿಷ್ಠ 3 ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ಕ್ಕಿಂತ ಕಮ್ಮಿ ಇದ್ರೇನೆ ರೆಮಿಷನ್, ಇವರದು 6.7, ಅದೂ ಮಾತ್ರೆ ಮೇಲೆ. ಬಾಡಿ ಫ್ಯಾಟ್ ಸಾಲೂ ಹೋಗಲಿ. ಆದ್ರೆ 9 ಕೆಜಿ ದಪ್ಪ ಅಕ್ಷರದಲ್ಲೇ ಇರುತ್ತೆ.

ಶೈಲಜಾ: ಇರಲಿ. ಅವರ ಸೊಂಟ ಎಷ್ಟಿತ್ತು, ಈಗೆಷ್ಟು ಅಂತ ಕೇಳಿ ಅದರ ಪಕ್ಕದಲ್ಲೇ ಅಷ್ಟೇ ದಪ್ಪಕ್ಕೆ ಹಾಕು.