ಅಪ್‌ಡೇಟ್: ಕೊನೆಗೂ ಎಎಂ5 ಸಾಕೆಟ್ ಆರಿಸಿಕೊಂಡೆ

ಮನೆಯ ಬಳಕೆಗೆ ಕಂಪ್ಯೂಟರ್ ಜೋಡಿಸಲು ಅಗ್ಗದ ಎಎಂ4 ಸಾಕೆಟ್‌ನ 8 ಕೋರ್ ಪ್ರೊಸೆಸರ್ ಕೊಳ್ಳಲೋ, ಎಎಂ5ರ 6 ಕೋರ್‌ನದ್ದಕ್ಕೆ ಹೋಗಲೋ ಎಂದು ಹಿಂದೆ ಕೇಳಿದ್ದೆ. (ಸಾಕೆಟ್ ಎಂದರೆ ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ; ಎಎಂ4 ಎಎಂಡಿ ಕಂಪನಿಯ ಹಳೆಯದು, ಎಎಂ5 ಹೊಸದು. ಕೋರ್ ಎಂದರೆ ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಘಟಕ.) ಕೋರ್‌ಗಳ ಎಣಿಕೆಗಿಂತ ಮದರ್‌ಬೋರ್ಡ್ ಎಷ್ಟು ಕಾಲ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ನೋಡಿ ಎಂದು ಹೆಚ್ಚಿನವರು ಹೇಳಿದ್ದರಿಂದ ಎಎಂ5ರಲ್ಲಿ ಕೂರುವ 6 ಕೋರ್‌ನ ಎಎಂಡಿ ಪ್ರೊಸೆಸರ್ ರೈಜನ್ 5 7600 ಕೊಂಡೆ.

2017ರಲ್ಲಿ ಮೊದಲ ರೈಜನ್‌ಗಾಗಿ ಬಂದ ಹಲವು ಎಎಂ4 ಬೋರ್ಡ್‌ಗಳು, ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ನವೀಕರಿಸಿದ ಮೇಲೆ, 5000 ಸರಣಿಯ ಪ್ರೊಸೆಸರ್‌ಗಳನ್ನೂ ನಡೆಸಿದವು ಎಂಬ ಸಂಗತಿಯೇ ನನ್ನ ಅನುಮಾನವನ್ನು ಕಳೆಯಿತು. 2022ರಲ್ಲಿ ಬಂದ ಎಎಂ5ರಲ್ಲಿಯೂ ಈಗಾಗಲೇ 7000 ಮತ್ತು 9000 ಸರಣಿಗಳೆರಡೂ ಕೂರುತ್ತವೆ. ಆದರೆ ಅದಕ್ಕೆ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಬೇಕೇ ಬೇಕಾದ್ದರಿಂದ ನನ್ನ ಹಳೆಯ ಡಿಡಿಆರ್4 ಸ್ಟಿಕ್‌ಗಳು ಮೂಲೆ ಸೇರಿದವು; ಆ ಸಂಕಟ ಇನ್ನೂ ಇದೆ.

ರ‍್ಯಾಮ್ ವಿಷಯದಲ್ಲಿ ನಾನು ಎಡವುವುದರಲ್ಲಿದ್ದೆ. ಈಗ 8 ಜಿಬಿಯ ಎರಡು ಸ್ಟಿಕ್ ಹಾಕಿ, ಮುಂದೆ ಇನ್ನೆರಡು ಸೇರಿಸೋಣ ಎಂದುಕೊಂಡಿದ್ದವನು, ನಾಲ್ಕೂ ಸ್ಲಾಟ್ ತುಂಬಿದರೆ ಡಿಡಿಆರ್5ರ ವೇಗ ಸಾಮಾನ್ಯವಾಗಿ ತಗ್ಗುತ್ತದೆ ಎಂಬುದನ್ನು ಬೋರ್ಡಿನ ಕೈಪಿಡಿಯಲ್ಲಿ ಓದಿದ ಮೇಲೆ, ಮೊದಲೇ 16 ಜಿಬಿಯ ಎರಡನ್ನು ಹಾಕಿದೆ. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇದ್ದು ಎದೆ ಧಸಕ್ಕೆಂದಿತು. ಬೋರ್ಡು ರ‍್ಯಾಮ್ ಅನ್ನು ತನಗೆ ಹೊಂದಿಸಿಕೊಳ್ಳುತ್ತಿತ್ತಷ್ಟೇ.

ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇರುವುದರಿಂದ ಬೇರೆ ಕಾರ್ಡನ್ನು ಸದ್ಯಕ್ಕೆ ಮುಂದೂಡಿದ್ದೇನೆ. ಅದು ಬರುವ ದಿನವನ್ನು ನೆನೆದೇ 750 ವ್ಯಾಟ್‌ನ ಪವರ್ ಸಪ್ಲೈ ಹಾಕಿಸಿದ್ದೇನೆ.